ಕಾಯುವ ಆಟಗಳು

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ, ಅಲುಗಾಡ್ಬೇಡಿ. ಹ್ಞಾಂ, ಬಿಡಿ."

ಬಸವೇಶ್ವರನಗರದ ಒಂದು ಡಯಾಗ್ನೋಸ್ಟಿಕ್ ಸೆಂಟರಿನ ನೆಲಮಾಳಿಗೆಯಲ್ಲಿ ಅಲಮೇಲು ದಿನವಿಡೀ ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಇಷ್ಟೇ. ಎಕ್ಸ್‌ರೇ ತೆಗೆಯುವ ಕೆಲಸ. ಬಂದವರು ಸರ ಬಿಚ್ಚಿಟ್ಟು, ತಣ್ಣಗಿನ ಹಲಗೆಗೆ ಎದೆಯೊತ್ತಿ ನಿಂತು, ಕೆಲಸ ಮುಗಿದ ಕೂಡಲೇ ರಿಪೋರ್ಟ್ ಯಾವಾಗ ಸಿಗುತ್ತೆ ಎಂದು ಕೇಳಿಕೊಂಡು ಮೆಟ್ಟಿಲು ಹತ್ತಿಬಿಡುತ್ತಿದ್ದರು. ಅವರ ಪಕ್ಕೆಲುಬುಗಳೆಲ್ಲ ಅವಳಿಗೆ ಗೊತ್ತು. ಅವಳ ಮುಖ ಅವರಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ.

ಮನೆ ರಾಜಾಜಿನಗರದಲ್ಲಿ, ಮೊದಲನೇ ಮಹಡಿ. ತಂದೆ ತೀರಿಕೊಂಡ ಮೇಲೆ ತಾಯಿ ಮಗಳು ಇಬ್ಬರೇ. ಮದುವೆಯ ಮಾತು ಒಂದೆರಡು ಸಲ ಬಂದು, ಜಾತಕದಲ್ಲೋ ಇನ್ನೆಲ್ಲೋ ತಡೆದು, ಆಮೇಲೆ ಯಾರೂ ಎತ್ತದೆ ಹೋಯಿತು. ಅಲಮೇಲುಗೆ ನಲವತ್ತು ದಾಟಿದ ಮೇಲೆ ಅಮ್ಮನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಹಗಲು ರಾಮಕ್ಕ ಎಂಬಾಕೆ ಬಂದು ನೋಡಿಕೊಳ್ಳುತ್ತಿದ್ದಳು. ಸಂಜೆ ಅಲಮೇಲು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಗಳಿಗೆಯಿಂದ ಅವಳದೇ ಪಾಳಿ. ಮಗ್ಗುಲು ಬದಲಿಸಬೇಕು, ಬಟ್ಟೆ ಬದಲಿಸಬೇಕು, ಗಂಜಿ ಕುಡಿಸಬೇಕು. ಕರೆ ಬಂದಾಗ ಏಳಬೇಕು, ಕರೆ ಬರದಿದ್ದರೂ ಕಿವಿ ಅತ್ತಲೇ ಇರಬೇಕು.

ಆ ಕಾಲದಲ್ಲಿ ಸೆಂಟರಿನ ಕಂಪ್ಯೂಟರುಗಳ ಸರ್ವಿಸಿಗೆ ನಾಯಂಡಹಳ್ಳಿ ಕಡೆಯಿಂದ ಕಾಂತರಾಜು ಎಂಬುವನು ಬರುತ್ತಿದ್ದ. ಒಂದು ದಿನ ಅವನ ಮುಂದೆ ಅಲಮೇಲು ಹೇಳಿಕೊಂಡಳು.

"ಸೀರಿಯಲ್ ನೋಡಕ್ಕಾಗಲ್ಲ ಕಾಂತರಾಜು, ಮಧ್ಯದಲ್ಲಿ ಅಮ್ಮ ಕರೀತಾರೆ. ಪುಸ್ತಕ ಹಿಡಿದ್ರೆ ಎಲ್ಲಿ ಬಿಟ್ಟಿದ್ದೆ ಅನ್ನೋದೇ ಮರ್ತುಹೋಗತ್ತೆ. ಯಾವಾಗ ಬೇಕಾದ್ರೂ ಕೈಬಿಟ್ಟು ಏಳೋ ಅಂಥದ್ದು ಏನಾದ್ರೂ ಇದ್ಯಾ?"

"ಒಂದು ಗೇಮ್ ಹಾಕ್ಕೊಡ್ಲಾ ಮೇಡಂ? ನನ್ನ ಹೆಂಡತಿ ನಗ್ತಾಳೆ ಇದನ್ನ ಆಡಿದ್ರೆ. ಆದ್ರೆ ಇದು ನಿಮ್ಮನ್ನ ಕಾಯುತ್ತೆ."

ಅದು ಪಾತ್ರ ವಹಿಸಿ ಆಡುವ ಆಟ. ಒಂದು ಕಥೆ, ಅದರೊಳಗೆ ನೀವೂ ಒಬ್ಬರು. ಜೊತೆಗೆ ನಾಲ್ಕಾರು ಮಂದಿ ಸಂಗಡಿಗರು. ಊರಿಂದ ಊರಿಗೆ ಹೋಗುತ್ತೀರಿ, ಸಿಕ್ಕವರನ್ನು ಮಾತಾಡಿಸುತ್ತೀರಿ, ಏನು ಹೇಳಬೇಕೆಂದು ನೀವೇ ಆರಿಸಿಕೊಳ್ಳುತ್ತೀರಿ. ಹೊಡೆದಾಟವೂ ಇದೆ. ಆದರೆ ಚದುರಂಗದ ಹಾಗೆ ಸರದಿಯ ಮೇಲೆ. ನಿಮ್ಮ ಸರದಿ ಬಂದಾಗ ನೀವು ನಡೆ ಹೇಳದಿದ್ದರೆ ಎದುರಿನವನು ಎತ್ತಿದ ಕತ್ತಿ ಎತ್ತಿದಂತೆಯೇ ನಿಂತಿರುತ್ತಾನೆ. ಅಲಮೇಲು ಎದ್ದು ಹೋಗಿ, ಹಾಸಿಗೆಯ ಬಟ್ಟೆ ಬದಲಿಸಿ, ನೆನೆಸಿ, ಕೈ ತೊಳೆದು ಬರುವವರೆಗೂ ಅವನು ಹಾಗೇ ನಿಂತಿರುತ್ತಿದ್ದ. ಜಗತ್ತಿನಲ್ಲಿ ಅವಳಿಗಾಗಿ ಅಷ್ಟು ತಾಳ್ಮೆಯಿಂದ ಇನ್ನು ಯಾರೂ ಕಾದಿರಲಿಲ್ಲ.

ಆ ಆಟ ಮುಗಿದ ಮೇಲೆ ಅಂಥದ್ದೇ ಇನ್ನೊಂದನ್ನು ಹುಡುಕಿದಳು. ಎಲ್ಲರ ಬಾಯಲ್ಲಿರುವ ದೊಡ್ಡ ಆಟಗಳು ಅವಳ ಲ್ಯಾಪ್‌ಟಾಪಿನಲ್ಲಿ ಏಳುತ್ತಿರಲಿಲ್ಲ, ಎದ್ದರೂ ಕಾಯುತ್ತಿರಲಿಲ್ಲ. ಹಾಗಾಗಿ ಮೂಲೆಮೂಲೆಯ ಆಟಗಳ ಕಡೆಗೆ ಹೋದಳು. ಯಾವುದೋ ದೇಶದಲ್ಲಿ ಗಂಡಹೆಂಡತಿ ಇಬ್ಬರೇ ಕೂತು ಮಾಡಿದ್ದು, ಯಾರೋ ಶಾಲೆಯ ಮೇಷ್ಟರು ರಜೆಗಳಲ್ಲಿ ಕಟ್ಟಿದ್ದು. ಚಿತ್ರ ಒರಟು, ಸಂಗೀತ ಪೀಪಿಯ ಹಾಗೆ. ಕಥೆ ಮಾತ್ರ ಒಂದೊಂದು ಎದೆಗೆ ನಾಟುವಂಥದ್ದು. ಉಪ್ಪು ತೆಗೆಯುವವರ ಊರೊಂದರಲ್ಲಿ ಸಮುದ್ರ ಹಿಂದೆ ಸರಿದುಹೋಗಿದೆ. ಅಲ್ಲಿ ಇನ್ನೂ ಅಲೆಯ ಸದ್ದು ಕೇಳುತ್ತದೆ ಎನ್ನುವ ಕುರುಡ ಹುಡುಗಿಯೊಬ್ಬಳು ನಿಮ್ಮ ಜೊತೆ ಹೊರಡುತ್ತಾಳೆ. ಅವಳ ಕಥೆ ಎಲ್ಲಿಗೆ ಮುಟ್ಟುತ್ತದೆಂದು ತಿಳಿದ ಮರುದಿನ ಅಲಮೇಲು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಪಕ್ಕದವಳ ಮುಖ ನೋಡಿದಳು. ಯಾರಿಗೆ ಹೇಳುವುದು? ಆ ಊರನ್ನು ನೋಡಿ ಬಂದವರು ಬೆಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ.

ಅಮ್ಮ ತೀರಿಕೊಂಡಾಗ ಮೈಸೂರಿಂದ ಅಣ್ಣ ಬಂದು ಕರ್ಮಗಳನ್ನು ಮುಗಿಸಿ ಹೋದ. ರಾಮಕ್ಕ ಬೇರೆ ಮನೆ ಹಿಡಿದಳು. ಕಾಂತರಾಜು ಆಗಲೇ ಊರು ಬಿಟ್ಟಿದ್ದ. ಈಗ ಸಂಜೆಗಳಲ್ಲಿ ಯಾರೂ ಕರೆಯುತ್ತಿರಲಿಲ್ಲ. ಬೇಕಾದರೆ ಓಡುವ ಆಟ, ಹಾರುವ ಆಟ, ಯಾವುದನ್ನಾದರೂ ಆಡಬಹುದಿತ್ತು. ಒಂದೆರಡು ಆಡಿಯೂ ನೋಡಿದಳು. ಎದೆ ಹೊಡೆದುಕೊಳ್ಳುತ್ತಿತ್ತೇ ಹೊರತು ಮನಸ್ಸು ನಿಲ್ಲಲಿಲ್ಲ. ಮತ್ತೆ ಕಾಯುವ ಆಟಗಳಿಗೇ ವಾಪಸಾದಳು. ಹೊಡೆದಾಟದ ನಡುವೆ ಅಭ್ಯಾಸಬಲದಿಂದ ಎದ್ದು ಅಮ್ಮನ ಕೋಣೆಯ ಬಾಗಿಲ ತನಕ ಹೋಗಿ, ಮಡಚಿಟ್ಟ ಹಾಸಿಗೆ ನೋಡಿ, ತಿರುಗಿ ಬಂದು ಕೂರುತ್ತಿದ್ದಳು.

ಆ ದಿನಗಳಲ್ಲೇ ಅವಳಿಗೆ ಆ ಗುಂಪು ಸಿಕ್ಕಿದ್ದು. ಆಟ ಆಡುವವರು ಕನ್ನಡದಲ್ಲಿ ಹರಟುವ ಗುಂಪು. ವಿಜಯನಗರದ ಸುಘೋಷ್ ಎಂಬ ಹುಡುಗ ಫೋನಿನಲ್ಲಿ ನಡೆಸುತ್ತಿದ್ದ. ಬಹಳ ಮಂದಿ ಈ ಸುತ್ತಿನವರೇ, ಕೆಂಗೇರಿಯಿಂದ ಹೇರೋಹಳ್ಳಿಯವರೆಗೆ. ಅಲ್ಲಿ ಹೆಸರಿನ ಜಾಗದಲ್ಲಿ ಅವಳು 'ಅಲ್ಪವಿರಾಮ' ಎಂದು ಬರೆದುಕೊಂಡಳು. ಎರಡೇ ದಿನದಲ್ಲಿ ಹುಡುಗರು ಅದನ್ನು ಚಿಕ್ಕದು ಮಾಡಿ 'ವಿರಾಮ್ ಗುರು' ಮಾಡಿದರು.

ಅವಳು ಗಂಡಸು ಎಂದೇ ಎಲ್ಲರ ಎಣಿಕೆ. ಅವಳು ಸುಳ್ಳು ಹೇಳಿರಲಿಲ್ಲ. ಕನ್ನಡದಲ್ಲಿ 'ನಾನು ಆಡಿದೆ, ನಾನು ನೋಡಿದೆ' ಎಂದರೆ ಹೇಳಿದ್ದು ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲವಲ್ಲ. ಹುಡುಗರು "ಏನ್ ಗುರು, ಮಗಾ" ಎಂದು ಹೆಗಲ ಮೇಲೆ ಕೈಹಾಕಿದಂತೆ ಮಾತಾಡಿಸುವಾಗ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅಷ್ಟು ಸಲಿಗೆಯಿಂದ ಅವಳನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ.

"ಈ ವೀಕೆಂಡ್ ಏನ್ ಆಡ್ಲಿ?" ಎಂದು ಯಾರಾದರೂ ಕೇಳಿದರೆ ಎಲ್ಲರೂ ಅದದೇ ದೊಡ್ಡ ಹೆಸರುಗಳನ್ನು ಹೇಳುತ್ತಿದ್ದರು. ಅಲಮೇಲು ಮಾತ್ರ ಯಾರೂ ಕೇಳಿರದ ಒಂದನ್ನು ಹೇಳಿ, ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದಳು. 'ಮೊದಲ ಒಂದು ಗಂಟೆ ಬೇಸರವಾಗುತ್ತದೆ, ತಾಳಿಕೊಳ್ಳಿ. ಗಾಣದ ಮನೆಯ ಮುದುಕನನ್ನು ಮಾತಾಡಿಸದೆ ಊರು ಬಿಡಬೇಡಿ. ನಾಯಿ ಸಿಕ್ಕರೆ ಜೊತೆಗೆ ಕರೆದುಕೊಳ್ಳಿ, ಕಚ್ಚುತ್ತದೆ, ಪರವಾಗಿಲ್ಲ.'

"ಗುರು, ಇದರ ಗ್ರಾಫಿಕ್ಸ್ ನಮ್ಮಜ್ಜಿ ಮನೆ ಟೀವಿ ಥರ ಇದೆ" ಎಂದು ಸುಘೋಷ್ ಕಾಲೆಳೆಯುತ್ತಿದ್ದ. ಉಳಿದವರು ನಗುತ್ತಿದ್ದರು. ಯಾರೂ ಆಡುತ್ತಿರಲಿಲ್ಲ. ಅವಳು ಮುಂದಿನ ವಾರ ಇನ್ನೊಂದು ಆಟ ಹೇಳುತ್ತಿದ್ದಳು.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಅಮರೇಶ ಎಂಬುವನು ಗುಂಪಿನಲ್ಲಿ ಕೇಳಿದ. ಅವನು ಲಿಂಗಸುಗೂರಿನ ಕಡೆಯವನು, ಬ್ಯಾಡರಹಳ್ಳಿಯಲ್ಲಿ ರೂಮು ಮಾಡಿಕೊಂಡು ಡೆಲಿವರಿ ಕೆಲಸ ಮಾಡುತ್ತಿದ್ದ. ನೀರು ತುಂಬಿದ ಗುಂಡಿಗೆ ಗಾಡಿ ಇಳಿದು ಬಿದ್ದು, ಬಲಭುಜದ ಹತ್ತಿರ ಕಾಲರ್ ಬೋನ್ ಮುರಿದಿತ್ತು. 'ಎಡಗೈ ಒಂದ ಐತಿ. ರೂಮ್‌ಮೇಟ್ ಲ್ಯಾಪ್‌ಟಾಪ್ ಐತಿ. ಒಂದ ಕೈಲೆ ಆಡೂ ಗೇಮ್ ಯಾವುದರ ಹೇಳ್ರಪಾ.'

ಯಾರೋ ನಗುವ ಮುಖ ಹಾಕಿದರು. ಯಾರೋ 'ರೆಸ್ಟ್ ಮಾಡು ಮಚ್ಚಾ' ಎಂದರು. ಅಲಮೇಲು 'ವೆರೆನ್ ಪಾಸ್' ಎಂಬ ಆಟದ ಹೆಸರು ಹೇಳಿದಳು. ಅವಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಇಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿ, ಅದಕ್ಕೂ ನಕ್ಕುಬಿಟ್ಟರೆ ಎಂದು ಹಿಂಜರಿದಿದ್ದಳು. 'ಎಡಗೈ ಸಾಕು. ಅವಸರವಿಲ್ಲ. ಇಂಗ್ಲಿಷ್ ತೊಡಕಾದರೆ ಕೇಳಿ.'

ಅಮರೇಶ ನಿಜವಾಗಿಯೂ ಆಡಿದ. ಮಾರನೆಯ ದಿನವೇ ಅವನ ಪ್ರಶ್ನೆ ಬಂತು. ದಾರಿಯಲ್ಲಿ ಅಲ್ಲಲ್ಲಿ 'ಕೇರ್ನ್' ಎಂದು ಬರುತ್ತದಲ್ಲ, ಹಾಗಂದರೇನು?

'ಮೊದಲು ಹೋದವರು ಪೇರಿಸಿಟ್ಟ ಕಲ್ಲುಗುಡ್ಡೆ. ಹಿಂದೆ ಬರುವವರಿಗೆ ದಾರಿ ತಪ್ಪದಿರಲಿ ಎಂದು.'

'ಹಂಗಾರ ಅದನ್ನ ನೋಡ್ಕೋತ ಹೋದ್ರ ಸಾಕಲ್ರಿ?'

'ಸಾಕು. ಆದರೆ ಒಂದು ಕಡೆ ಅದು ಸುಳ್ಳು ಹೇಳುತ್ತದೆ.'

ದಿನವೂ ಹೀಗೆ ಒಂದಿಷ್ಟು ನಡೆಯುತ್ತಿತ್ತು. ಅಲಮೇಲು ಎಕ್ಸ್‌ರೇ ಕೋಣೆಯಿಂದ ಹೊರಬಂದಾಗೆಲ್ಲ ಫೋನ್ ನೋಡುವುದನ್ನು ಕಲಿತಳು. ತಾನು ಒಬ್ಬಳೇ ನಡೆದಿದ್ದ ಕಣಿವೆಯಲ್ಲಿ ಈಗ ಇನ್ನೊಬ್ಬರ ಹೆಜ್ಜೆ ಕೇಳಿಸುತ್ತಿತ್ತು.

ಒಂದು ದಿನ ಅವನು ಗುಂಪಿನಲ್ಲಿ ತನ್ನ ಎಕ್ಸ್‌ರೇಯ ಫೋಟೋ ಹಾಕಿದ. 'ನೋಡ್ರಪಾ ನನ್ನ ಎಲುಬು.' ಅಲಮೇಲು ದೊಡ್ಡದು ಮಾಡಿ ನೋಡಿದಳು. ಮುರಿದ ಎಲುಬಿಗಿಂತ ಮೊದಲು ಅವಳ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಅಕ್ಷರ. ಬಲಗಡೆ ಎಂದು ತಿಳಿಯಲು ಇಡುವ ಸೀಸದ 'ಆರ್'. ಅದರ ಒಂದು ಕಾಲು ಮುರಿದಿತ್ತು. ಹೊಸದು ತರಿಸಿ ಎಂದು ಅವಳೇ ಮ್ಯಾನೇಜರಿಗೆ ಹೇಳಿ ಹೇಳಿ ಸುಮ್ಮನಾಗಿದ್ದಳು. ಅದು ಅವಳು ತೆಗೆದ ಚಿತ್ರ.

ಆ ಹುಡುಗ ಯಾರು? ನೆನಪಿಸಿಕೊಳ್ಳಲು ನೋಡಿದಳು. ಆ ವಾರ ಬಿದ್ದವರು, ಮುರಿದುಕೊಂಡವರು ಎಷ್ಟೋ ಮಂದಿ ಬಂದಿದ್ದರು. ಅವನ ಭುಜ ಹಿಡಿದು ನಿಲ್ಲಿಸಿರಬೇಕು, ಉಸಿರು ಹಿಡ್ಕೊಳ್ಳಿ ಎಂದಿರಬೇಕು. ಮುಖ ನೆನಪಾಗಲೇ ಇಲ್ಲ.

ಎಲುಬು ಕೂಡಿದೆಯೇ ನೋಡಲು ಅವನು ಮತ್ತೆ ಬರಲೇಬೇಕಿತ್ತು, ಬಂದ. ಚೀಟಿಯಲ್ಲಿ ಅಮರೇಶ ಎಂಬ ಹೆಸರು ನೋಡಿ ಅವಳು ಕೋಣೆಯ ಬಾಗಿಲಲ್ಲೇ ನಿಂತಳು. ಸಣ್ಣ ಮೈಕಟ್ಟು, ಮೂವತ್ತರ ಒಳಗಿನ ವಯಸ್ಸು, ಬಲಗೈಯನ್ನು ಕುತ್ತಿಗೆಯಿಂದ ತೂಗುಹಾಕಿದ್ದ. ಶರ್ಟಿನ ಗುಂಡಿಗಳನ್ನು ಎಡಗೈಯಲ್ಲಿ ಬಿಚ್ಚಲು ಹೆಣಗುತ್ತಿದ್ದ.

"ನೋವು ಹೇಗಿದೆ ಈಗ?" ಅವಳು ಯಾರನ್ನೂ ಹಾಗೆ ಕೇಳುವವಳಲ್ಲ.

"ಕಡಿಮಿ ಐತ್ರಿ ಮೇಡಂ. ರೂಮಿನ್ಯಾಗ ಕುಂತು ಕುಂತು ತಲಿ ಕೆಟ್ಟೈತಿ."

"ಹೊತ್ತು ಹೇಗೆ ಕಳೀತೀರಾ?"

"ಒಂದ ಗೇಮ್ ಆಡಾಕತ್ತೀನ್ರಿ. ಹಿಮದ ಗುಡ್ಡ, ಐದಾರ ಮಂದಿ ಅದನ್ನ ದಾಟಬೇಕು. ಅದರಾಗ ಒಬ್ಬಾಕಿ ಮುದುಕಿ. ಆಕಿಗೆ ನಡಿಯಾಕ ಬರಂಗಿಲ್ಲ, ಹೊತ್ಕೊಂಡ ಹೋಗಬೇಕು. ಹೊತ್ತಾಂವ ಹೊಡದಾಡಾಕ ಬರಂಗಿಲ್ರಿ. ಭಾಳ ತ್ರಾಸ." ಅವನು ಹಲಗೆಗೆ ಬೆನ್ನು ಕೊಟ್ಟು ನಿಂತ. "ನಿನ್ನಿ ಸೇತುವಿ ಹಂತ್ಯಾಕ ಆಕಿನ್ನ ಬಿಟ್ಟು ಮುಂದ ಹೋದ್ನಿ."

ಅವನ ಭುಜ ಸರಿಮಾಡುತ್ತಿದ್ದ ಅಲಮೇಲುವಿನ ಕೈ ಅಲ್ಲೇ ನಿಂತಿತು. ಆ ಮುದುಕಿಯನ್ನು ಉಳಿಸಿಕೊಳ್ಳಲು ಅವಳು ಆಟವನ್ನು ಮೊದಲಿಂದ ಮತ್ತೆ ಮತ್ತೆ ಆಡಿದ್ದಳು. ಒಬ್ಬೊಬ್ಬರೇ ಸಂಗಡಿಗರನ್ನು ಕಳೆದುಕೊಂಡು, ಕೊನೆಗೆ ತಾನೊಬ್ಬಳೇ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಕಣಿವೆಯ ಆಚೆಗೆ ಇಳಿದಿದ್ದಳು.

"ಬಿಟ್ಟುಬಿಟ್ರಾ? ಪಾಪ ಅನ್ನಿಸ್ಲಿಲ್ವಾ?"

"ನಾ ಬಿಡಲಿಲ್ರಿ, ಆಕೀನ ಬಿಟ್ಟ ಹೋಗು ಅಂದ್ಲು. ಸೇತುವಿ ಹಂತ್ಯಾಕ ವೈರಿ ಬರೂಕಿಂತ ಮೊದ್ಲ ಆಕಿನ್ನ ಮಾತಾಡಸಿದ್ನಿ. ಎಲ್ಲಾ ಇಂಗ್ಲೀಷ್‌ನಾಗ ಇರ್ತೈತಿ, ಒಂದೊಂದ ಶಬ್ದ ಹುಡುಕಿ ಓದಿದ್ನಿ. ಆಕಿ ಹುಟ್ಟಿದ ಊರು ಆ ಹೊಳಿ ದಂಡಿಮ್ಯಾಲ ಇತ್ತಂತ. 'ನನಗ ಇಲ್ಲೇ ಕುಂದ್ರಬೇಕಾಗಿತ್ತು. ಎಲ್ಲಾರೂ ಹೊತ್ಕೊಂಡ ಹೊಂಟ್ರಿ, ಎಲ್ಲಿಗೆ ಹೋಗ್ತಿ ಅಂತ ಒಬ್ರೂ ಕೇಳಲಿಲ್ಲ' ಅಂತಾಳ್ರಿ."

ಆ ಸೇತುವೆಯ ಬಳಿ ಅಲಮೇಲು ಎಂದೂ ಮಾತಾಡಿಸಲು ನಿಂತಿರಲಿಲ್ಲ. ವೈರಿಗಳು ಬರುತ್ತಾರೆಂದು ಗೊತ್ತಿತ್ತು, ಪ್ರತಿ ಸಲವೂ ಬೇಗ ಬೇಗ ದಾಟಿಸಿಬಿಟ್ಟಿದ್ದಳು.

"ಈ ಗೇಮ್ ಹೇಳಿದ್ದು ನಮ್ಮ ಗ್ರೂಪಿನ್ಯಾಗ ವಿರಾಮ್ ಅಂತ ಒಬ್ಬರ್ರಿ" ಎಂದ ಅಮರೇಶ. "ಯಾರೋ ಏನೋ, ನೋಡಿಲ್ಲ. ಭಾಳ ಒಂಟಿ ಮನಿಷಾ ಇರಬೇಕು."

"ಯಾಕೆ ಹಾಗನ್ಸತ್ತೆ?"

"ಯಾರೂ ಆಡದ ಗೇಮ್ ಅಷ್ಟೂ ಅವರ ಆಡ್ಯಾರ್ರಿ. ಬರದದ್ದು ಓದಿದ್ರ, ಯಾರರ ಬಂದು ಕೇಳ್ಲಿ ಅಂತ ಬಾಗಲಾ ತಗದ ಕುಂತಂಗ ಅನಸತೈತಿ."

"ಉಸಿರು ಎಳ್ಕೊಳ್ಳಿ" ಎಂದಳು ಅಲಮೇಲು. "ಹಿಡ್ಕೊಳ್ಳಿ."

ಪರದೆಯ ಹಿಂದೆ ಹೋಗಿ ಗುಂಡಿ ಒತ್ತಿದಳು. ಚಿತ್ರ ಬಂತು. ಎಲುಬು ಚೆನ್ನಾಗಿ ಕೂಡುತ್ತಿತ್ತು. ಅದನ್ನೇ ನೋಡುತ್ತಾ ನಿಂತವಳಿಗೆ ಉಸಿರು ಬಿಗಿಹಿಡಿದ ದನಿ ಕೇಳಿಸಿತು.

"ಬಿಡ್ಲೇನ್ರಿ ಮೇಡಂ?"

"ಅಯ್ಯೋ, ಬಿಡಿ, ಬಿಡಿ."

ಅವನು ನಕ್ಕ. ಅವಳು ಶರ್ಟಿನ ಗುಂಡಿ ಹಾಕಿಕೊಳ್ಳಲು ನೆರವಾದಳು. 'ನಾನೇ ಅದು' ಎಂಬ ಎರಡು ಪದ ನಾಲಗೆಯ ತುದಿಗೆ ಬಂದಿದ್ದವು. ಒಂಟಿ ಮನುಷ್ಯ ಎಂದು ಈಗಷ್ಟೇ ಹೇಳಿದವನ ಮುಂದೆ ಅದನ್ನು ಹೇಗೆ ಹೇಳುವುದು? ಹೊರಗೆ ಮುಂದಿನವರು ಕೆಮ್ಮುತ್ತಾ ಕಾಯುತ್ತಿದ್ದರು. ಅವನು ಮೆಟ್ಟಿಲು ಹತ್ತಿ ಹೋದ.

ಆ ಭಾನುವಾರ ಮಧ್ಯಾಹ್ನ ಅವಳು ವೆರೆನ್ ಪಾಸ್ ತೆರೆದು, ಸೇತುವೆಯ ತನಕ ಹೋಗಿ, ಅಲ್ಲಿ ಎಲ್ಲರನ್ನೂ ನಿಲ್ಲಿಸಿದಳು. ಮುದುಕಿಯ ಮೇಲೆ ಒತ್ತಿದಳು. ಅಮರೇಶ ಹೇಳಿದ ಮಾತುಗಳೇ ಒಂದೊಂದಾಗಿ ಬಂದವು, ಅವನು ಹೇಳದ ಇನ್ನಷ್ಟೂ ಬಂದವು. ಹೊಳೆಯಲ್ಲಿ ಬಟ್ಟೆ ಒಗೆದದ್ದು, ತಮ್ಮ ಮುಳುಗಿಹೋದದ್ದು. ಇಷ್ಟು ವರ್ಷ ಇದೆಲ್ಲ ಅಲ್ಲೇ ಇತ್ತು, ಒಂದು ಸಲ ಒತ್ತಿದ್ದರೆ ಸಾಕಿತ್ತು. ಅಮ್ಮ ತೊದಲುತ್ತಾ ಏನೋ ಹೇಳಲು ಹೊರಟಾಗ, ಪೂರ್ತಿ ಕೇಳುವ ಮೊದಲೇ ತಾನು ಎದ್ದು ನೀರು ತಂದಿರುತ್ತಿದ್ದುದು ಅವಳಿಗೆ ನೆನಪಾಯಿತು. ಅಮ್ಮ ಕುಡಿದುಬಿಡುತ್ತಿದ್ದರು. ಕೇಳಿದ್ದು ನೀರನ್ನೇ ಇರಬಹುದು. ಅಲ್ಲದೆಯೂ ಇರಬಹುದು.

ಲ್ಯಾಪ್‌ಟಾಪ್ ಮುಚ್ಚಿ ಅವಳು ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತಳು. ಕೆಳಗೆ ಯಾರೋ ಕಾರು ತೊಳೆಯುತ್ತಿದ್ದರು. ಇದನ್ನು ಅಮರೇಶನಿಗೆ ಹೇಳಬೇಕು ಎನ್ನಿಸಿತು. ಫೋನಿನಲ್ಲಿ ಅಲ್ಲ, ಎದುರು ಕೂತು. ಸುಘೋಷ್ ಬಹಳ ದಿನದಿಂದ ಎಲ್ಲರೂ ಒಂದು ಸಲ ಸೇರೋಣ ಎನ್ನುತ್ತಿದ್ದ. ಅವಳು ಎಂದೂ ಉತ್ತರಿಸಿರಲಿಲ್ಲ. ಈ ಸಲ 'ಬರುತ್ತೇನೆ' ಎಂದು ಬರೆದಳು. ಗುಂಪಿನಲ್ಲಿ ಹಬ್ಬವೇ ಆಯಿತು. 'ವಿರಾಮ್ ಗುರು ದರ್ಶನ ಕೊಡ್ತಾನಂತೆ' ಎಂದು ಒಬ್ಬ ಬರೆದ. 'ನಾನೂ ಬರ್ತೀನಿ' ಎಂದು ಅಮರೇಶ.

ವಿಜಯನಗರದ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ ಮೂರು ಮೇಜು ಕೂಡಿಸಿ ಹುಡುಗರು ಕೂತಿದ್ದರು. ಅಲಮೇಲು ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಹೋಗಿದ್ದಳು. ಖಾಲಿಯಿದ್ದ ಕುರ್ಚಿಯ ಹತ್ತಿರ ನಿಂತಾಗ ಕನ್ನಡಕದ ಹುಡುಗನೊಬ್ಬ ತಲೆಯೆತ್ತಿದ. ದನಿಯಿಂದಲೇ ಸುಘೋಷ್ ಎಂದು ತಿಳಿಯಿತು. ಗುಂಪಿನಲ್ಲಿ ಅವನು ಧ್ವನಿಸಂದೇಶ ಹಾಕುತ್ತಿದ್ದ.

"ಆಂಟಿ, ಇಲ್ಲಿ ಇನ್ನೂ ಇಬ್ಬರು ಬರೋರಿದಾರೆ. ಆ ಕಡೆ ಟೇಬಲ್ ಖಾಲಿ ಇದೆ ನೋಡಿ."

"ಯಾರು ಬರ್ಬೇಕು?"

"ನಮ್ಮ ಫ್ರೆಂಡ್ ವಿರಾಮ್ ಅಂತ, ಇನ್ನೊಬ್ಬ ಅಮರೇಶ."

"ಅಲ್ಪವಿರಾಮ ಅಂದ್ರೆ ನಾನೇ ಕಣಪ್ಪ."

ಸುಘೋಷ್ ಎದ್ದು ನಿಂತ. ಅವನನ್ನು ನೋಡಿ ಇನ್ನಿಬ್ಬರು ಎದ್ದರು. "ಸಾರಿ ಮೇಡಂ, ಕೂತ್ಕೊಳ್ಳಿ ಮೇಡಂ" ಎಂದು ಕುರ್ಚಿ ಎಳೆದುಕೊಟ್ಟರು. ಅವರಲ್ಲಿ ಸ್ವಲ್ಪ ಹಿರಿಯನಾದ ಚನ್ನಕೇಶವ, ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಮೆಲ್ಲಗೆ ಕೇಳಿದ. "ಮತ್ತೆ ಯಾವತ್ತೂ ಹೇಳ್ಲೇ ಇಲ್ವಲ್ಲ ಮೇಡಂ?"

"ಕೇಳಿದ್ರೆ ಹೇಳ್ತಿದ್ದೆ."

ಎಲ್ಲರೂ ಒಳ್ಳೆಯ ಹುಡುಗರೇ. ಅವಳಿಗೆ ಮೊದಲು ಕಾಫಿ ತರಿಸಿದರು, ಸಕ್ಕರೆ ಹಾಕಬಹುದೇ ಎಂದು ಕೇಳಿದರು. ಆಟಗಳ ಬಗ್ಗೆ ಒಂದಿಷ್ಟು ಮಾತಾಯಿತು. ಆದರೆ ಯಾರಾದರೂ ಬಾಯಿತಪ್ಪಿ ಏನಾದರೂ ಅಂದರೆ ಪಕ್ಕದವನು ಮೊಣಕೈಯಲ್ಲಿ ತಿವಿಯುತ್ತಿದ್ದ. ಒಬ್ಬ "ನಮ್ಮಮ್ಮನೂ ಫೋನಲ್ಲಿ ಗೇಮ್ ಆಡ್ತಾರೆ ಮೇಡಂ, ಕ್ಯಾಂಡಿದು" ಎಂದ. ಅವಳು ಹೌದಾ ಎಂದಳು. ಚನ್ನಕೇಶವ ಏನು ಕೆಲಸ ಎಂದು ಕೇಳಿದ್ದಕ್ಕೆ ಎಕ್ಸ್‌ರೇ ತೆಗೆಯುವುದು ಎಂದಳು. ಅಮರೇಶ ಬರಲಿಲ್ಲ. ಡಾಕ್ಟರು ಗಾಡಿ ಓಡಿಸಬಹುದು ಎಂದಿದ್ದರಂತೆ, ಭಾನುವಾರ ಆರ್ಡರ್ ಜಾಸ್ತಿ ಎಂದು ಕೆಲಸಕ್ಕೆ ಹೋಗಿದ್ದ. ಅಲಮೇಲು ಎಲ್ಲರಿಗಿಂತ ಮೊದಲು ಎದ್ದಳು. ಮೆಟ್ಟಿಲು ಇಳಿಯುವಾಗ ಮೇಲೆ ನಗು ಜೋರಾದದ್ದು ಕೇಳಿಸಿತು. ಅದು ತನ್ನ ಮೇಲಿನ ನಗುವಲ್ಲ, ಬಿಡುಗಡೆಯಾದ ಹುಡುಗರ ನಗು ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಗುಂಪು ಮೊದಲಿನಂತಿರಲಿಲ್ಲ. ಅವಳು ಒಂದು ಆಟದ ಬಗ್ಗೆ ಬರೆದರೆ 'ತುಂಬಾ ಚೆನ್ನಾಗಿ ಬರೆದಿದೀರಾ ಮೇಡಂ' ಎಂದು ಕೈಮುಗಿಯುವ ಚಿತ್ರ ಬರುತ್ತಿತ್ತು. ಯಾರೂ ಕಾಲೆಳೆಯಲಿಲ್ಲ. ಅಜ್ಜಿ ಮನೆ ಟೀವಿಯ ಮಾತು ಬರಲಿಲ್ಲ. ನಿಧಾನವಾಗಿ ಹರಟೆಯೇ ಕಡಿಮೆಯಾಯಿತು. ಹುಡುಗರು ಬೇರೊಂದು ಗುಂಪು ಮಾಡಿಕೊಂಡಿದ್ದಾರೆ ಎಂದು ಅವಳು ಊಹಿಸಿದಳು. ಬೇಸರಪಟ್ಟುಕೊಳ್ಳಲು ಅವರು ಮಾಡಿದ ತಪ್ಪಾದರೂ ಏನಿತ್ತು?

ಅಮರೇಶನಿಗೂ ವಿಷಯ ತಿಳಿದಿತ್ತು. ಹದಿನೈದು ಇಪ್ಪತ್ತು ದಿನ ಸುಮ್ಮನಿದ್ದ. ಆಮೇಲೆ ಒಂದು ಸಂಜೆ ಅವಳೊಬ್ಬಳಿಗೇ ಬರೆದ. 'ಅಕ್ಕಾರ, ಚನ್ನಕೇಶವಣ್ಣ ಹೇಳಿದ್ರು ನೀವು ಎಕ್ಸ್‌ರೇ ತಗಿಯೂರಂತ. ಬಸವೇಶ್ವರನಗರದಾಗ ನನ್ನ ಎಲುಬು ನೋಡಿದಾರು ನೀವೇನ್ರಿ?'

'ಹೌದು.'

'ಮತ್ತ ಅವತ್ತ ಯಾಕ ಹೇಳಲಿಲ್ರಿ?'

'ಹೇಳೋಕೆ ಬರಲಿಲ್ಲ' ಎಂದು ಬರೆದಳು.

'ನಾ ಒಂದ ಮಾತು ಅಂದ್ನಿ. ತಪ್ಪ ತಿಳಕೋಬ್ಯಾಡ್ರಿ.'

'ತಪ್ಪೇನಿಲ್ಲ. ಸರಿಯಾಗೇ ಹೇಳಿದ್ರಿ.'

ಅವನಿಗೆ ಈಗ ಆಡಲು ಹೊತ್ತಿರಲಿಲ್ಲ. ರೂಮ್‌ಮೇಟ್ ಲ್ಯಾಪ್‌ಟಾಪ್ ತೆಗೆದುಕೊಂಡು ಊರಿಗೆ ಹೋಗಿದ್ದ. ಆಟ ಅರ್ಧಕ್ಕೇ ನಿಂತಿತ್ತು. 'ಸೇತುವಿ ದಾಟಿದ ಮ್ಯಾಲ ಏನಾತು ಅನ್ನೂದು ತಲ್ಯಾಗ ಕುಂತೈತ್ರಿ. ನೀವು ಹೇಳ್ರಲ್ಲ. ಹೋಟೆಲ್ ಮುಂದ ಆರ್ಡರ್‌ಗೆ ನಿಂತಾಗ ಕೇಳ್ತೀನಿ. ಬರೀಬ್ಯಾಡ್ರಿ, ಮಾತಾಡಿ ಕಳಸ್ರಿ.'

ಅಲಮೇಲು ಹೇಳಲು ಹೊರಟಾಗ ತನಗೆ ಅದು ಗೊತ್ತೇ ಇಲ್ಲ ಎಂದು ಹೊಳೆಯಿತು. ಅವಳು ಯಾವತ್ತೂ ಮುದುಕಿಯನ್ನು ಹೊತ್ತೇ ದಾಟಿದವಳು. ಮುದುಕಿಯಿಲ್ಲದೆ ಆಚೆಗಿಳಿದವರಿಗೆ ಏನಾಗುತ್ತದೆ? ಆ ದಾರಿಯಲ್ಲಿ ಅವಳೂ ಹೊಸಬಳೇ. ಆ ಶನಿವಾರ ಅವಳು ಮುದುಕಿಯನ್ನು ಹೊಳೆಯ ದಂಡೆಯಲ್ಲಿ ಕೂರಿಸಿದಳು. ಮುದುಕಿ ಚಪ್ಪಲಿ ಬಿಚ್ಚಿ ಕಾಲು ನೀರಿಗೆ ಬಿಟ್ಟಳು. ಉಳಿದವರು ಹೊರಟರು.

ಮೊದಲ ಧ್ವನಿಸಂದೇಶ ಮಾಡುವಾಗ ಅವಳಿಗೆ ತನ್ನ ದನಿಯೇ ಬೇರೆ ಯಾರದೋ ಎನ್ನಿಸಿತು. ಎರಡು ಸಲ ಅಳಿಸಿದಳು. ಮೂರನೆಯ ಸಲ ಕೆಳಗಿನ ಮನೆಯ ಕುಕ್ಕರ್ ಕೂಗಿತು, ಅದನ್ನೂ ಸೇರಿಸಿಯೇ ಕಳಿಸಿಬಿಟ್ಟಳು. ಸೇತುವೆಯಾಚೆಯ ಇಳಿಜಾರು, ಅಲ್ಲಿ ಬೆಂಕಿ ಕಾಯಿಸುತ್ತಾ ಕೂತ ಅಪರಿಚಿತ, ಅವನು ಕೇಳಿದ ಪ್ರಶ್ನೆ. ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ಅವಳಿಗೆ ನೆನಪಿರುವ ಹಾಗೆ ಅದೇ ಮೊದಲು.

ಉತ್ತರ ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಅವಳು ಕೆಲಸಕ್ಕೆ ಹೋಗಿ ಬಂದಳು. ರಾಗಿಮುದ್ದೆ ಮಾಡಿಕೊಂಡು ಉಂಡಳು. ಗುಂಪಿನಲ್ಲಿ ಹೊಸಬರೊಬ್ಬರು ಆಟ ಕೇಳಿದ್ದಕ್ಕೆ ನಾಲ್ಕು ಸಾಲು ಬರೆದಳು. ಅದಕ್ಕೆ ಕೈಮುಗಿಯುವ ಚಿತ್ರ ಬಂತು. ವಾರದ ಕೊನೆಗೆ ಅಮರೇಶ ಬರೆದ. 'ಇವತ್ತ ಕೇಳಿದ್ನಿ ಅಕ್ಕಾರ, ಮಳಿ ಹತ್ತಿತ್ತು, ಒಂದ ಅಂಗಡಿ ಕಟ್ಟಿ ಮ್ಯಾಲ ನಿಂತಿದ್ನಿ. ಆ ಬೆಂಕಿ ಕಾಸೂ ಮನಿಷಾಗ ಏನ್ ಹೇಳಿದ್ರಿ?'

ಅವನ ಪ್ರಶ್ನೆಗೆ ಅವಳಿನ್ನೂ ಉತ್ತರ ಆರಿಸಿರಲಿಲ್ಲ, ಆಟ ಅಲ್ಲೇ ಕಾಯುತ್ತಿತ್ತು. ನಾಳೆ ಹೇಳುತ್ತೇನೆ ಎಂದು ಬರೆದಳು. ಮರುದಿನ ಭಾನುವಾರ. ಅವಳು ಅಡುಗೆ ಬೇಗ ಮುಗಿಸಿದಳು.